ಅವತಾರಕ್ಕೆ ವೇಷ ಕಟ್ಟುವ ಪಾಠ: ಪರೀಕ್ಷೆ ಯಾರಿಗೆ?

ಅವತಾರ ಎಂದ ಕೂಡಲೇ ನಮಗೆ ನೆನಪಾಗುವುದು ಮತ್ಸ್ಯ, ಕೂರ್ಮ, ವರಾಹ ಇತ್ಯಾದಿ. ಮಕ್ಕಳು ಗದ್ದೆಯ ಕೆಸರು ಮೆತ್ತಿಕೊಂಡು ಬಂದರೆ "ಇದೆಂಥ ಅವತಾರ ನಿನ್ನದು?" ಎಂದೂ ಕೇಳುತ್ತೇವೆ. ಕೆಳಗೆ ಇಳಿದು ಬರುವುದು ಎಂಬ ಅರ್ಥದ ಈ ಸಂಸ್ಕೃತ ಪದ 18ನೇ ಶತಮಾನದ ಕೊನೆಗೆ ಇಂಗ್ಲಿಷಿಗೆ ಹೋಯಿತು. ಸುಮಾರು ಇನ್ನೂರು ವರ್ಷಗಳ ನಂತರ ಅದಕ್ಕೆ ಇನ್ನೊಂದು ಅರ್ಥ ಹುಟ್ಟಿತು. ಗಣಕದ ಒಳಗಿನ ಕಾಲ್ಪನಿಕ ಲೋಕದಲ್ಲಿ ನಮ್ಮ ಪರವಾಗಿ ಓಡಾಡುವ ಗೊಂಬೆಯೂ ಅವತಾರವಾಯಿತು.

ಈ ಗೊಂಬೆಗೆ ಮೂಗು, ಕಣ್ಣು, ಕೂದಲು, ಬಟ್ಟೆ ಎಲ್ಲವನ್ನೂ ನಾವೇ ಆರಿಸಬೇಕು. ಅದನ್ನು ಕಲಿಸಲು ಅಂತರ್ಜಾಲದಲ್ಲಿ ಪಾಠಗಳು ಹುಟ್ಟಿಕೊಂಡವು. ಆದರೆ ಪಾಠ ಓದಿದವರಿಗೆ ನಿಜವಾಗಿ ವೇಷ ಕಟ್ಟಲು ಬರುತ್ತದೆಯೇ? ಅದನ್ನು ಕಂಡುಹಿಡಿಯುವ ಕ್ರಮಕ್ಕೆ ಬಳಕೆಯ ಪರೀಕ್ಷೆ ಎನ್ನಬಹುದು. ಇದು ಆಟದವರ ವಿಷಯ, ನಮಗೇಕೆ ಎಂದು ಪುಟ ಮುಚ್ಚಬೇಡಿ. ಪಾಠ ಬರೆಯುವವರು, ಪಾಠ ಮಾಡುವವರು, ಅನುವಾದಿತ ಪಾಠಪುಸ್ತಕ ಕೈಯಲ್ಲಿ ಹಿಡಿದ ಗಡಿನಾಡಿನ ಮಕ್ಕಳು, ಎಲ್ಲರಿಗೂ ಸಂಬಂಧಿಸಿದ ಒಂದು ಪ್ರಶ್ನೆ ಈ ಇತಿಹಾಸದೊಳಗೆ ಇದೆ. ಕಲಿಯುವವನು ಎಡವಿದಾಗ ತಪ್ಪು ಅವನದೋ, ಪಾಠದ್ದೋ?

ತಲೆ ಬದಲಿಸುವ ಗೊಂಬೆ

1985ರಲ್ಲಿ ರಿಚರ್ಡ್ ಗ್ಯಾರಿಯಟ್ ಎಂಬವರು ತಯಾರಿಸಿದ ಅಲ್ಟಿಮಾ 4 ಎಂಬ ಗಣಕ ಆಟದ ಹೆಸರಿನಲ್ಲೇ ಅವತಾರ ಎಂಬ ಪದವಿತ್ತು. ಅದರಲ್ಲಿ ರಾಕ್ಷಸನನ್ನು ಕೊಲ್ಲುವುದಕ್ಕಿಂತ ಸದ್ಗುಣಗಳನ್ನು ಸಾಧಿಸಿ ಅವತಾರವಾಗುವುದೇ ಗುರಿ. ಅದೇ ಹೊತ್ತಿಗೆ ಅಮೆರಿಕದ ಲ್ಯೂಕಾಸ್‌ಫಿಲ್ಮ್ ಸಂಸ್ಥೆಯ ಆಟಗಳ ವಿಭಾಗದಲ್ಲಿ ಚಿಪ್ ಮಾರ್ನಿಂಗ್‌ಸ್ಟಾರ್ ಮತ್ತು ರ‍್ಯಾಂಡಿ ಫಾರ್ಮರ್ ಎಂಬಿಬ್ಬರು ಹ್ಯಾಬಿಟಾಟ್ ಎಂಬ ಲೋಕವನ್ನು ಕಟ್ಟುತ್ತಿದ್ದರು. 1986ರಲ್ಲಿ ಅದರ ಪ್ರಾಯೋಗಿಕ ಬಳಕೆ ಶುರುವಾಯಿತು. ಕಮೋಡೋರ್ 64 ಎಂಬ ಪುಟ್ಟ ಮನೆಗಣಕ, ದೂರವಾಣಿ ತಂತಿ, ಸೆಕೆಂಡಿಗೆ 300 ಬಿಟ್ ಕಳಿಸುವ ಮೋಡೆಮ್. ಇಷ್ಟರಲ್ಲಿ ಬೇರೆ ಬೇರೆ ಊರಿನ ಜನರು ಒಂದೇ ಚಿತ್ರಲೋಕದಲ್ಲಿ ಭೇಟಿಯಾಗುತ್ತಿದ್ದರು. ಅವರ ಗೊಂಬೆಗೆ ಅವತಾರ ಎಂದೇ ಹೆಸರು. ಮಾತಾಡಿದರೆ ತಲೆಯ ಮೇಲೆ ಚಿತ್ರಕಥೆಯಲ್ಲಿರುವಂತೆ ಗುಳ್ಳೆ ಮೂಡುತ್ತಿತ್ತು.

ಹ್ಯಾಬಿಟಾಟಿನ ಗೊಂಬೆಗಳಿಗೆ ತಲೆಯನ್ನೇ ಬದಲಿಸಬಹುದಿತ್ತು! ಬೇರೆ ಬೇರೆ ತಲೆಗಳನ್ನು ಲೋಕದೊಳಗಿನ ಹಣ ಕೊಟ್ಟು ಕೊಂಡು ಜೋಡಿಸಿಕೊಳ್ಳಬೇಕು. ಯಾರಾದರೂ ನಿಮ್ಮ ಅವತಾರವನ್ನು ಕೊಂದರೆ ಅದು ಖಾಲಿ ಕಿಸೆಯೊಂದಿಗೆ, ತನ್ನ ತಲೆಯನ್ನು ತಾನೇ ಕೈಯಲ್ಲಿ ಹಿಡಿದುಕೊಂಡು, ಮನೆಯಲ್ಲಿ ಪ್ರತ್ಯಕ್ಷವಾಗುತ್ತಿತ್ತು.

ಆ ಇಬ್ಬರೂ 1990ರಲ್ಲಿ ತಮ್ಮ ಅನುಭವವನ್ನು ಒಂದು ಪ್ರಬಂಧವಾಗಿ ಮಂಡಿಸಿದರು. ಅದರಲ್ಲಿ ಒಂದು ನಿಧಿಬೇಟೆಯ ಪ್ರಸಂಗ ಬರುತ್ತದೆ. ನೂರು ದೃಶ್ಯಗಳ ಒಂದು ದ್ವೀಪ ಕಟ್ಟಲು ಅವರಿಗೆ ವಾರಗಟ್ಟಲೆ ಬೇಕಾಯಿತು. ಆಟಗಾರರಿಗೆ ಇದು ಹಲವು ದಿನಗಳ ಕೆಲಸ ಎಂದುಕೊಂಡಿದ್ದರು. ಆದರೆ ಮುಖ್ಯ ಸುಳಿವನ್ನು ಮೊದಲ 15 ನಿಮಿಷದಲ್ಲೇ ಹಿಡಿದ ಒಬ್ಬ ಆಟಗಾರ ಸುಮಾರು 8 ಗಂಟೆಯಲ್ಲಿ ಎಲ್ಲವನ್ನೂ ಮುಗಿಸಿಬಿಟ್ಟ. ಉಳಿದ ಬಹುಮಂದಿ ಆಟಕ್ಕೆ ಇಳಿಯುವ ಮೊದಲೇ ಆಟ ಮುಗಿದಿತ್ತು. ಬಳಸುವವರು ಏನು ಮಾಡುತ್ತಾರೆಂದು ಕುಳಿತಲ್ಲೇ ಊಹಿಸುವುದು ನಿಷ್ಪ್ರಯೋಜಕ, ಅವರನ್ನು ನೋಡಿಯೇ ತಿಳಿಯಬೇಕು ಎಂಬ ಪಾಠ ಅವರಿಗೆ ಸಿಕ್ಕಿತು. ಪಾಠಯೋಜನೆ ಬರೆದುಕೊಂಡು ತರಗತಿಗೆ ಹೋದ ಪ್ರತಿಯೊಬ್ಬ ಶಿಕ್ಷಕರಿಗೂ ಇದು ಗೊತ್ತಿರುವ ಸಂಗತಿಯೇ.

1992ರಲ್ಲಿ ನೀಲ್ ಸ್ಟೀಫನ್‌ಸನ್ ಬರೆದ ಸ್ನೋ ಕ್ರ್ಯಾಶ್ ಕಾದಂಬರಿಯಿಂದ ಅವತಾರ ಎಂಬ ಪದ ಎಲ್ಲೆಡೆ ಹಬ್ಬಿತು. ಹ್ಯಾಬಿಟಾಟಿನವರು ಅದನ್ನು ತನಗಿಂತ ಮೊದಲೇ ಬಳಸಿದ್ದರೆಂದು ಅವರು ಮುಂದೆ ಒಪ್ಪಿಕೊಂಡರು. 1995ರ ಸುಮಾರಿಗೆ ಆಲ್ಫಾವರ್ಲ್ಡ್, ವರ್ಲ್ಡ್ಸ್ ಚಾಟ್, ವರ್ಲ್ಡ್ಸ್ ಅವೇ ಮುಂತಾದ ಲೋಕಗಳು ಬಂದವು.

ತಲೆಗೆ ಆಲಿಕೆ ಇಟ್ಟು ಸುರಿಯುವ ವಿದ್ಯೆ

ಈಗ ಕಥೆಯ ಇನ್ನೊಂದು ಎಳೆಗೆ ಬರೋಣ. ಪಾಠವನ್ನೇ ಪರೀಕ್ಷಿಸುವ ಪದ್ಧತಿ ಎಲ್ಲಿಂದ ಬಂತು?

1980ರ ದಶಕದಲ್ಲಿ ಗಣಕವು ವಿಜ್ಞಾನಿಗಳ ಕೈಯಿಂದ ಕಚೇರಿಯ ಬೆರಳಚ್ಚುಗಾರರ ಮೇಜಿಗೆ ಬಂತು. ಜೊತೆಗೆ ದಪ್ಪ ದಪ್ಪ ಕೈಪಿಡಿಗಳೂ ಬಂದವು. ಐಬಿಎಂ ಸಂಸ್ಥೆಯ ಸಂಶೋಧನಾ ಕೇಂದ್ರದಲ್ಲಿ ಜಾನ್ ಕ್ಯಾರಲ್ ಮತ್ತು ಅವರ ಸಂಗಡಿಗರು ಬರಹ ಸಿದ್ಧಪಡಿಸುವ ಒಂದು ಯಂತ್ರವನ್ನು ಕಲಿಯುವವರ ಬಳಿ ಕುಳಿತು ಗಮನಿಸಿದರು. ಕೈಪಿಡಿಯನ್ನು ಯಾರೂ ಮೊದಲ ಪುಟದಿಂದ ಓದುತ್ತಿರಲಿಲ್ಲ. ನಡುವೆ ಹಾರುತ್ತಿದ್ದರು, ಕೀಲಿ ಒತ್ತಿ ನೋಡುತ್ತಿದ್ದರು, ಎಲ್ಲೋ ಸಿಕ್ಕಿಬೀಳುತ್ತಿದ್ದರು. ಸಿಕ್ಕಿಬಿದ್ದ ಜಾಗದಿಂದ ಹೊರಬರುವ ದಾರಿ ಮಾತ್ರ ಕೈಪಿಡಿಯಲ್ಲಿ ಇರಲಿಲ್ಲ. ಯಾಕೆಂದರೆ ಕೈಪಿಡಿ ಬರೆದವರು, ಓದುಗ ಹೇಳಿದಂತೆ ಕೇಳುತ್ತಾನೆ ಎಂದು ನಂಬಿದ್ದರು.

ಕ್ಯಾರಲ್ ಇದಕ್ಕೆ ಎರಡು ಮದ್ದು ಮಾಡಿದರು. ಒಂದು, ಚಿಕ್ಕ ಕೈಪಿಡಿ. ಪೀಠಿಕೆ, ಉಪದೇಶ, ಪುನರಾವರ್ತನೆ ಎಲ್ಲವನ್ನೂ ಕಿತ್ತು, ಮೊದಲ ಪುಟದಲ್ಲೇ ನಿಜವಾದ ಒಂದು ಕೆಲಸ ಕೊಟ್ಟು, ತಪ್ಪಾದರೆ ಸರಿಪಡಿಸುವ ದಾರಿಯನ್ನು ಅಲ್ಲಲ್ಲೇ ಬರೆಯುವುದು. ಇದರಿಂದ ಜನರು ಕಡಿಮೆ ಸಮಯದಲ್ಲಿ ಹೆಚ್ಚು ಕಲಿತರು. ಇನ್ನೊಂದು, 1984ರಲ್ಲಿ ಪ್ರಕಟವಾದ ಪುಟ್ಟಚಕ್ರದ ಉಪಾಯ. ಮಕ್ಕಳ ಸೈಕಲಿನ ಹಿಂಬದಿಗೆ ಎರಡು ಪುಟ್ಟ ಚಕ್ರ ಕಟ್ಟುವಂತೆ, ಹೊಸಬರನ್ನು ದಾರಿ ತಪ್ಪಿಸುವ ಕಠಿಣ ಆಯ್ಕೆಗಳನ್ನು ತಾತ್ಕಾಲಿಕವಾಗಿ ತಡೆದಿಡುವುದು. 1990ರಲ್ಲಿ ಅವರು ಇವನ್ನೆಲ್ಲ ಪುಸ್ತಕವಾಗಿ ಬರೆದಾಗ ಅದಕ್ಕಿಟ್ಟ ಹೆಸರು ನ್ಯೂರೆಂಬರ್ಗಿನ ಆಲಿಕೆ. ಶಿಷ್ಯನ ತಲೆಗೆ ಆಲಿಕೆ ಇಟ್ಟು ವಿದ್ಯೆಯನ್ನು ಸುರಿಯುವುದು ಜರ್ಮನಿಯ ಹಳೆಯ ತಮಾಷೆ. ಆ ಊರಿನ ಕವಿ ಹಾರ್ಸ್‌ಡೋರ್ಫರ್ 1647ರಲ್ಲಿ ಕಾವ್ಯರಚನೆ ಕಲಿಸುವ ತನ್ನ ಪುಸ್ತಕಕ್ಕೇ ಆಲಿಕೆ ಎಂದು ಹೆಸರಿಟ್ಟಿದ್ದ. ಅಂಥ ಆಲಿಕೆ ಯಾವುದೂ ಇಲ್ಲ ಎಂಬುದು ಕ್ಯಾರಲ್ ಅವರ ವಾದ.

ಅದೇ ಐಬಿಎಂನಲ್ಲಿ ಕ್ಲೇಟನ್ ಲೂಯಿಸ್ 1982ರಲ್ಲಿ ಇನ್ನೊಂದು ಪದ್ಧತಿಯನ್ನು ಬರೆದಿಟ್ಟರು. ಕಲಿಯುವವನಿಗೆ ಒಂದು ಕೆಲಸ ಕೊಟ್ಟು, ಮನಸ್ಸಿಗೆ ಬಂದದ್ದನ್ನೆಲ್ಲ ಗಟ್ಟಿಯಾಗಿ ಹೇಳುತ್ತಾ ಮಾಡು ಎನ್ನುವುದು. "ಇಲ್ಲಿ ಉಳಿಸು ಅಂತ ಇದೆ, ಆದರೆ ಒತ್ತಿದರೆ ಇದ್ದದ್ದು ಹೋಗಿಬಿಡುತ್ತದೋ ಏನೋ..." ಎಂಬಂಥ ಒಂದು ಮಾತು ನೂರು ಅಂಕಪಟ್ಟಿಗಳಿಗಿಂತ ಹೆಚ್ಚು ಹೇಳುತ್ತದೆ. ಜಾನ್ ಗೌಲ್ಡ್ ಮತ್ತು ಲೂಯಿಸ್ 1985ರಲ್ಲಿ ಮೂರು ಸೂತ್ರ ಕೊಟ್ಟರು. ಬಳಸುವವರನ್ನು ಮೊದಲೇ ತಿಳಿದುಕೊಳ್ಳಿ. ನಿಜವಾದ ಬಳಕೆಯನ್ನು ಅಳೆಯಿರಿ. ತಿದ್ದಿ ಪುನಃ ಅಳೆಯಿರಿ.

ಈ ಸೂತ್ರಗಳು 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಬಳಕೆಗೆ ಬಂದವು. ಕ್ರೀಡಾಪಟುಗಳಿಗೆ ಮನೆಯವರ ಧ್ವನಿಸಂದೇಶ ತಲುಪಿಸುವ ಒಂದು ವ್ಯವಸ್ಥೆಯನ್ನು ಐಬಿಎಂ ಕಟ್ಟಿತು. ಅದು 12 ಭಾಷೆಗಳಲ್ಲಿ ನಡೆಯಬೇಕಿತ್ತು. ಯಂತ್ರ ಸಿದ್ಧವಾಗುವ ಮೊದಲೇ ಅದರ ಬಳಕೆಯ ಕಿರುಹೊತ್ತಗೆಯ ಕರಡನ್ನು ಜನರ ಕೈಗೆ ಕೊಟ್ಟು, ಎಡವಿದ ವಾಕ್ಯಗಳನ್ನು ಮತ್ತೆ ಮತ್ತೆ ತಿದ್ದಿ, ಅದು ಪಕ್ಕಾ ಆದ ನಂತರವೇ ಬೇರೆ ಭಾಷೆಗಳಿಗೆ ಅನುವಾದಿಸಿದರು. ಪರೀಕ್ಷೆಯಾಗದ ಪಾಠವನ್ನು ಅನುವಾದಿಸಿದರೆ ತಪ್ಪು ಒಂದು ಭಾಷೆಯಲ್ಲಿ ನಿಲ್ಲುವುದಿಲ್ಲ, ಹನ್ನೆರಡು ಭಾಷೆಗೂ ಹರಡುತ್ತದೆ. ಮುಂದೆ ನಮ್ಮ ಶಾಲೆಗಳ ವಿಷಯಕ್ಕೆ ಬರುವಾಗ ಇದು ಬೇಕಾಗುತ್ತದೆ.

ಐದು ಮಂದಿ ಸಾಕೇ?

ಎಷ್ಟು ಮಂದಿಯ ಮೇಲೆ ಪರೀಕ್ಷೆ ಮಾಡಬೇಕು? ಜೇಕಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡವರ್ 1993ರಲ್ಲಿ ಇದಕ್ಕೊಂದು ಲೆಕ್ಕ ಕೊಟ್ಟರು. ಒಬ್ಬ ಬಳಕೆದಾರ ಸರಾಸರಿ 31 ಶೇಕಡಾ ತೊಂದರೆಗಳನ್ನು ಬಯಲಿಗೆಳೆಯುತ್ತಾನೆ. ಎರಡನೆಯವನು ಎಡವುವ ಜಾಗಗಳಲ್ಲಿ ಕೆಲವು ಹಳೆಯವು, ಕೆಲವು ಹೊಸವು. ಹೀಗೆ ಐದು ಮಂದಿ ಆಗುವಾಗ ಸುಮಾರು 85 ಶೇಕಡಾ ತೊಂದರೆ ಕಾಣಿಸಿಕೊಳ್ಳುತ್ತದೆ. ಹದಿನೈದು ಮಂದಿಯನ್ನು ಒಂದೇ ಸಲ ಕೂರಿಸುವ ಬದಲು ಐದೈದು ಮಂದಿಯ ಮೂರು ಸುತ್ತು ಮಾಡಿ, ನಡುವೆ ತಿದ್ದಿ ಎಂದು ನೀಲ್ಸನ್ 2000ದಲ್ಲಿ ಬರೆದರು.

ಇದನ್ನು ಎಲ್ಲರೂ ಒಪ್ಪಲಿಲ್ಲ. ಜೇರೆಡ್ ಸ್ಪೂಲ್ ಮತ್ತು ವಿಲ್ ಶ್ರೋಡರ್ 2001ರಲ್ಲಿ ನಾಲ್ಕು ಜಾಲತಾಣಗಳನ್ನು 49 ಮಂದಿಯ ಮೂಲಕ ಪರೀಕ್ಷಿಸಿದಾಗ ಮೊದಲ ಐವರಿಂದ ತೊಂದರೆಗಳ ಸುಮಾರು 35 ಶೇಕಡಾ ಮಾತ್ರ ಸಿಕ್ಕಿತು. ಅಲ್ಲಿ ಪ್ರತಿಯೊಬ್ಬರೂ ತಮಗೆ ಬೇಕಾದ ವಸ್ತುವನ್ನು ತಾವೇ ಹುಡುಕಿ ಕೊಳ್ಳಬೇಕಿತ್ತು. ಗುರಿ ಬೇರೆಯಾದರೆ ದಾರಿ ಬೇರೆ, ದಾರಿ ಬೇರೆಯಾದರೆ ಎಡವುವ ಕಲ್ಲೂ ಬೇರೆ.

ಅವತಾರದ ವೇಷವೂ ಹೀಗೆಯೇ. ಒಬ್ಬನಿಗೆ ಉದ್ದ ಕೂದಲು ಬೇಕು, ಇನ್ನೊಬ್ಬಳಿಗೆ ತನ್ನಂತೆಯೇ ಕಾಣಬೇಕು, ಮತ್ತೊಬ್ಬನಿಗೆ ಹುಲಿಯಾಗಬೇಕು. ಆದ್ದರಿಂದ ಇಂಥ ಪಾಠಕ್ಕೆ ಐವರು ಆರಂಭಕ್ಕೆ ಸಾಕು, ಅಂತ್ಯಕ್ಕೆ ಸಾಲದು.

ಎರಡನೆಯ ಬದುಕಿನ ಮೊದಲ ಗಂಟೆ

ಈ ಎರಡು ಎಳೆಗಳು ಒಂದುಗೂಡುವುದನ್ನು ನೋಡಲು ಸೆಕೆಂಡ್ ಲೈಫ್ ಒಳ್ಳೆಯ ಉದಾಹರಣೆ. ಫಿಲಿಪ್ ರೋಸ್‌ಡೇಲ್ 1999ರಲ್ಲಿ ಸ್ಥಾಪಿಸಿದ ಲಿಂಡೆನ್ ಲ್ಯಾಬ್ ಎಂಬ ಸಂಸ್ಥೆ 2003ರ ಜೂನ್ 23ರಂದು ಇದನ್ನು ಸಾರ್ವಜನಿಕರಿಗೆ ತೆರೆಯಿತು. 2006-07ರ ಹೊತ್ತಿಗೆ ಪತ್ರಿಕೆಗಳಲ್ಲೆಲ್ಲ ಅದರದೇ ಸುದ್ದಿ. ಆದರೆ ಕ್ಲೇ ಶರ್ಕಿ ಎಂಬ ಲೇಖಕರು 2006ರ ಡಿಸೆಂಬರಿನಲ್ಲಿ ಒಂದು ಪ್ರಶ್ನೆ ಎತ್ತಿದರು. ನೋಂದಾಯಿಸಿದವರ ಸಂಖ್ಯೆ ದೊಡ್ಡದಿರಬಹುದು, ಅವರಲ್ಲಿ ಉಳಿದವರೆಷ್ಟು? ಶಾಲೆಯ ಭಾಷೆಯಲ್ಲಿ ಹೇಳುವುದಾದರೆ ಹಾಜರಿ ಪುಸ್ತಕದಲ್ಲಿ ಹೆಸರಿದ್ದರೆ ಸಾಲದು, ಮಗು ಬೆಂಚಿನಲ್ಲಿ ಇದೆಯೇ ಎಂಬ ಪ್ರಶ್ನೆ.

ಹೊಸಬರು ಮೊದಲು ಇಳಿಯುತ್ತಿದ್ದುದು ಪರಿಚಯದ್ವೀಪದಲ್ಲಿ. ನಡೆಯುವುದು, ಹಾರುವುದು, ಮಾತಾಡುವುದು, ವೇಷ ಬದಲಿಸುವುದು, ಎಲ್ಲವನ್ನೂ ಅಲ್ಲೇ ಕಲಿಯಬೇಕು. ವೇಷ ಬದಲಿಸುವ ಕಿಟಕಿ ತೆರೆದರೆ ನೂರಕ್ಕೂ ಹೆಚ್ಚು ಜಾರುಪಟ್ಟಿಗಳು! ಎತ್ತರ, ದಪ್ಪ, ತಲೆಯ ಗಾತ್ರ, ಕಣ್ಣುಗಳ ನಡುವಿನ ಅಂತರ, ಮೂಗಿನ ತುದಿ, ಹೀಗೆ ಪ್ರತಿಯೊಂದಕ್ಕೂ ಬೇರೆ ಬೇರೆ ಅಳತೆ. ಎಲ್ಲವನ್ನೂ ಬದಲಿಸಬಹುದು ಎಂಬುದೇ ಅದರ ಹೆಮ್ಮೆ, ಎಲ್ಲಿಂದ ಶುರುಮಾಡಬೇಕು ಎಂದು ತಿಳಿಯದಿರುವುದೇ ಹೊಸಬರ ಸಂಕಟ.

ಎರಡು ಪ್ರಸಿದ್ಧ ಎಡವಟ್ಟುಗಳನ್ನು ಹೇಳುತ್ತೇನೆ. ಮೊದಲನೆಯದು ಪೆಟ್ಟಿಗೆ. ಅಂಗಡಿಯಲ್ಲಿ ಬಟ್ಟೆ ಕೊಂಡರೆ ಅದು ಹೆಚ್ಚಾಗಿ ಪೆಟ್ಟಿಗೆಯೊಳಗೆ ಬರುತ್ತಿತ್ತು. ಪೆಟ್ಟಿಗೆಯನ್ನು ನೆಲದ ಮೇಲಿಟ್ಟು, ತೆರೆದು, ಒಳಗಿನದನ್ನು ತನ್ನ ಸಾಮಾನು ಪಟ್ಟಿಗೆ ಸೇರಿಸಿ, ಆಮೇಲೆ ತೊಡಬೇಕು. ಹೊಸಬರು ಪಟ್ಟಿಯಲ್ಲಿ ಅಂಗಿಯ ಹೆಸರು ಕಂಡ ಕೂಡಲೇ ತೊಡು ಎಂಬುದನ್ನು ಒತ್ತುತ್ತಿದ್ದರು. ಆಗ ಪೆಟ್ಟಿಗೆಯೇ ಮೈಗೆ ಅಂಟಿಕೊಳ್ಳುತ್ತಿತ್ತು. ಸಂತೆಯ ನಡುವೆ ಪೆಟ್ಟಿಗೆ ತೊಟ್ಟು ನಿಂತವರು ಅಲ್ಲಿ ದಿನವೂ ಸಿಗುತ್ತಿದ್ದರು.

ಎರಡನೆಯದು ರೂತ್. ನೀವು ಆರಿಸಿದ ರೂಪದ ಮಾಹಿತಿ ಜಾಲದಲ್ಲಿ ಬರಲು ತಡವಾದರೆ ಗಂಡಾಗಲಿ ಹೆಣ್ಣಾಗಲಿ ಎಲ್ಲರೂ ಒಂದು ಸಿದ್ಧ ಹೆಣ್ಣು ರೂಪದಲ್ಲಿ ಕಾಣಿಸುತ್ತಿದ್ದರು. ಆ ರೂಪಕ್ಕೆ ರೂತ್ ಎಂದು ಹೆಸರು. ಮುಂದಿನ ಆವೃತ್ತಿಗಳಲ್ಲಿ ಇದರ ಬದಲು ಒಂದು ಮೋಡ ಕಾಣಿಸುವಂತೆ ಮಾಡಿದರು. ಇದು ಚಿಕ್ಕ ಬದಲಾವಣೆ, ಆದರೆ ಒಳ್ಳೆಯ ಬೋಧನೆ. ತಪ್ಪು ರೂಪ ಕಂಡರೆ ನನ್ನಿಂದ ಏನೋ ಕೆಟ್ಟಿತು ಎನಿಸುತ್ತದೆ. ಮೋಡ ಕಂಡರೆ ಇನ್ನೂ ಬರಬೇಕಷ್ಟೆ, ಕಾಯೋಣ ಎನಿಸುತ್ತದೆ.

ಪರೀಕ್ಷೆ ನಡೆಯುವ ಬಗೆ

ಇಂಥ ಪಾಠವೊಂದನ್ನು ಪರೀಕ್ಷಿಸುವುದು ಹೇಗೆ? ಒಬ್ಬ ಹೊಸಬನನ್ನು ಗಣಕದ ಮುಂದೆ ಕೂರಿಸಿ. ಮೊದಲ ಮಾತೇ ಇದಾಗಿರಬೇಕು: ನಾವು ನಿನ್ನನ್ನು ಪರೀಕ್ಷಿಸುತ್ತಿಲ್ಲ, ಈ ಪಾಠವನ್ನು ಪರೀಕ್ಷಿಸುತ್ತಿದ್ದೇವೆ. ನಂತರ ಕೆಲಸ ಕೊಡಿ. ಅವತಾರದ ಎತ್ತರ ಹೆಚ್ಚಿಸು, ಕೂದಲು ಬದಲಿಸು, ಪೆಟ್ಟಿಗೆಯಲ್ಲಿರುವ ಅಂಗಿ ತೊಡಿಸು, ಈ ವೇಷವನ್ನು ಉಳಿಸಿಟ್ಟು ಹೊರಗೆ ಹೋಗಿ ಪುನಃ ಬಾ. ಬಳಿಕ ಬಾಯಿ ಮುಚ್ಚಿ ಕುಳಿತುಕೊಳ್ಳಿ. ನಮ್ಮಂಥ ಮೇಷ್ಟ್ರುಗಳಿಗೆ ಅತ್ಯಂತ ಕಷ್ಟದ ಭಾಗ ಇದೇ!

ಏನನ್ನು ಅಳೆಯಬೇಕು ಎಂಬುದನ್ನು 1998ರ ಒಂದು ಅಂತರರಾಷ್ಟ್ರೀಯ ಮಾನದಂಡ ಮೂರು ಮಾತಿನಲ್ಲಿ ಹೇಳಿತು. ಕೆಲಸ ಆಯಿತೇ, ಎಷ್ಟು ಶ್ರಮ ಬೇಕಾಯಿತು, ಮಾಡಿದವನಿಗೆ ತೃಪ್ತಿ ಇದೆಯೇ. ತೃಪ್ತಿಯನ್ನು ಅಳೆಯಲು ಜಾನ್ ಬ್ರೂಕ್ 1986ರಲ್ಲಿ ರೂಪಿಸಿದ ಹತ್ತು ಹೇಳಿಕೆಗಳ ಪ್ರಶ್ನಾವಳಿಯಿದೆ, ಅದರ ಅಂಕ 0ಯಿಂದ 100. ಆದರೆ ಪಾಠದ ವಿಷಯದಲ್ಲಿ ನಾಲ್ಕನೆಯದೊಂದನ್ನು ನಾನು ಸೇರಿಸುತ್ತೇನೆ. ಒಂದು ವಾರ ಕಳೆದು, ಪಾಠವನ್ನು ನೋಡದೆ ಅದೇ ಕೆಲಸ ಮಾಡಲು ಬರುತ್ತದೆಯೇ? ಹೇಳಿದ ಗುಂಡಿಯನ್ನು ಹೇಳಿದಂತೆ ಒತ್ತಿ ಮುಗಿಸುವುದು ಅನುಸರಣೆ, ಕಲಿಕೆ ಅಲ್ಲ.

ಎಡವಿದ ಜಾಗ ಸಿಕ್ಕಿದ ಮೇಲೆ ಕಾರಣವನ್ನು ಬಿಡಿಸಬೇಕು. ಸಾಮಾನ್ಯವಾಗಿ ನಾಲ್ಕು ಬಗೆ. ಸೂಚನೆ ಪಾಠದಲ್ಲಿದೆ, ಆದರೆ ಕಣ್ಣಿಗೆ ಬೀಳಲಿಲ್ಲ. ಕಣ್ಣಿಗೆ ಬಿತ್ತು, ಆದರೆ ಮಾತು ಅರ್ಥವಾಗಲಿಲ್ಲ. ಅರ್ಥವಾಯಿತು, ಆದರೆ ಪಾಠದ ಚಿತ್ರ ಮತ್ತು ಎದುರಿನ ಪರದೆ ಬೇರೆ ಬೇರೆ. ಮಾಡಿಯೂ ಆಯಿತು, ಆದರೆ ಆಯಿತು ಎಂದು ಗೊತ್ತಾಗಲಿಲ್ಲ. ನಿಧಾನ ಸಂಪರ್ಕದಲ್ಲಿ ಬಟ್ಟೆಯ ಚಿತ್ರ ಬರುವ ತನಕ ಅಂಗಿ ಬೂದು ಬಣ್ಣದಲ್ಲಿ ಕಾಣುತ್ತದೆ. ಆಗ ಕಲಿಯುವವನು ಸರಿಯಾಗಿ ಮಾಡಿದ್ದನ್ನೇ ತಪ್ಪೆಂದುಕೊಂಡು ಅಳಿಸಿಬಿಡುತ್ತಾನೆ. ಸ್ವಲ್ಪ ಕಾಯಿರಿ, ಬಣ್ಣ ತಾನಾಗಿ ಬರುತ್ತದೆ ಎಂಬ ಒಂದು ಸಾಲು ಇದ್ದಿದ್ದರೆ ಸಾಕಿತ್ತು. ಈ ನಾಲ್ಕನ್ನೂ ಒಂದೇ ಗಂಟಿಗೆ ಕಟ್ಟಿ 'ಹುಡುಗನಿಗೆ ತಿಳಿಯಲಿಲ್ಲ' ಎಂದು ಬರೆಯುವುದು ಸುಲಭ. ಆದರೆ ಅದರಿಂದ ಪಾಠ ತಿದ್ದಲಾಗದು.

ಪರದೆ ಬದಲಾಯಿತು, ಪಾಠ ಹಳತಾಯಿತು

ಸೆಕೆಂಡ್ ಲೈಫಿನಲ್ಲಿ ಪಾಠ ಹೇಳಿದವರಲ್ಲಿ ಹಲವರು ಸ್ವಯಂಸೇವಕರು. ಕ್ಯಾಲೆಡನ್ ಆಕ್ಸ್‌ಬ್ರಿಜ್ ಎಂಬ ವಿಶ್ವವಿದ್ಯಾಲಯದ ವೇಷ ತೊಟ್ಟ ಪಾಠಶಾಲೆ, ನ್ಯೂ ಸಿಟಿಜನ್ಸ್ ಎಂಬ ತಂಡ, ಇವೆಲ್ಲ ಬಳಕೆದಾರರೇ ಕಟ್ಟಿದವು. ಹೊಸಬರ ಪಕ್ಕದಲ್ಲಿ ದಿನವೂ ನಿಂತು ಅವರು ಎಲ್ಲಿ ಎಡವುತ್ತಾರೆಂದು ಕಣ್ಣಾರೆ ಕಂಡವರು ಇವರು. ಸಂಸ್ಥೆಯ ಒಳಗಿನಿಂದ ಟೋರ್ಲಿ ಎಂಬ ಹೆಸರಿನವರು ನೂರಾರು ವಿಡಿಯೋ ಪಾಠಗಳನ್ನು ಮಾಡಿದರು. ಕಲ್ಲಂಗಡಿ ಹಣ್ಣಿನ ಬಗ್ಗೆ ಅವರಿಗಿದ್ದ ಪ್ರೀತಿಯೂ ಅಷ್ಟೇ ಪ್ರಸಿದ್ಧ.

2010ರಲ್ಲಿ ಎರಡನೆಯ ಆವೃತ್ತಿಯ ತಂತ್ರಾಂಶ ಬಂತು. ಅದುವರೆಗೆ ಅವತಾರದ ಮೇಲೆ ಬಲಗುಂಡಿ ಒತ್ತಿದರೆ ಹೋಳಿಗೆಯನ್ನು ತುಂಡು ಮಾಡಿಟ್ಟಂಥ ದುಂಡು ಪಟ್ಟಿ ತೆರೆಯುತ್ತಿತ್ತು. ಹೊಸತರಲ್ಲಿ ಅದರ ಜಾಗಕ್ಕೆ ಉದ್ದ ಪಟ್ಟಿ ಬಂತು, ಬದಿಯಲ್ಲಿ ಹೊಸ ಫಲಕವೂ ಬಂತು. ಹೊಸಬರಿಗೆ ಸುಲಭವಾಗಲಿ ಎಂಬುದು ಉದ್ದೇಶ. ಆದರೆ ಹಳೆಯ ಚಿತ್ರಗಳಿದ್ದ ಪಾಠಗಳೆಲ್ಲ ಒಮ್ಮೆಲೇ ಸುಳ್ಳಾದವು. ಅಂತರ್ಜಾಲದಲ್ಲಿ ಹುಡುಕಿದವನಿಗೆ ಸಿಗುತ್ತಿದ್ದುದು ಆ ಹಳೆಯ ಪಾಠಗಳೇ. 2011ರ ಕೊನೆಗೆ ಬದಿಯ ಫಲಕವೂ ಹೋಗಿ ಬೇಕಾದಂತೆ ಜೋಡಿಸಿಕೊಳ್ಳುವ ಗುಂಡಿಪಟ್ಟಿ ಬಂತು. ಪಾಠ ಮತ್ತೊಮ್ಮೆ ಹಳತಾಯಿತು.

2011ರಲ್ಲೇ ಹೊಸಬರಿಗಾಗಿ ಒಂದು ಸರಳ ವಿಧಾನವನ್ನೂ ಕೊಟ್ಟಿದ್ದರು. ಅದರಲ್ಲಿ ಜಾರುಪಟ್ಟಿಗಳ ಕಾಟವಿಲ್ಲ, ಸಿದ್ಧ ಅವತಾರಗಳಲ್ಲಿ ಒಂದನ್ನು ಆರಿಸಿದರಾಯಿತು. ಇದು ಕ್ಯಾರಲ್ ಅವರ ಪುಟ್ಟಚಕ್ರವನ್ನೇ ನೆನಪಿಸುತ್ತದೆ, ಆದರೆ ಒಂದು ವ್ಯತ್ಯಾಸವಿದೆ. ಸೈಕಲಿನ ಪುಟ್ಟಚಕ್ರ ಕಳಚಿದ ಮೇಲೂ ಅದೇ ಸೈಕಲ್, ಅದೇ ಪೆಡಲು. ಇಲ್ಲಿ ಸರಳದಿಂದ ಪೂರ್ಣಕ್ಕೆ ಬಂದವನು ತಾನು ಕಾಣದ ಸಾಮಾನು ಪಟ್ಟಿ, ಅಂಗಡಿ, ಹಣ ಎಲ್ಲವನ್ನೂ ಹೊಸದಾಗಿ ಕಲಿಯಬೇಕಿತ್ತು. ಆ ವಿಧಾನ ಬಹುಕಾಲ ಉಳಿಯಲಿಲ್ಲ. ಅದೇ ವರ್ಷ ಹೊರಗೆ ತಯಾರಿಸಿದ ಮೂರು ಆಯಾಮದ ದೇಹ, ಬಟ್ಟೆಗಳನ್ನು ತರುವ ಸೌಲಭ್ಯವೂ ಬಂತು. ಚೆಲುವು ಹೆಚ್ಚಿತು, ಜೊತೆಗೆ ಈ ದೇಹಕ್ಕೆ ಆ ಅಂಗಿ ಹಿಡಿಸುವುದಿಲ್ಲ ಎಂಬ ಹೊಸ ತಲೆನೋವೂ ಹೆಚ್ಚಿತು.

ಪರೀಕ್ಷೆಗೆ ಕರೆಯದವರು

ಗೊಂಬೆಯ ವೇಷಕ್ಕೆ ಇಷ್ಟೆಲ್ಲ ಯಾಕೆ ಎನ್ನುವವರಿಗೆ ಒಂದು ಪ್ರಯೋಗ ಹೇಳುತ್ತೇನೆ. ನಿಕ್ ಯೀ ಮತ್ತು ಜೆರೆಮಿ ಬೈಲೆನ್‌ಸನ್ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನವದು. ಎತ್ತರದ ಅವತಾರ ಸಿಕ್ಕಿದವರು ಹಣ ಹಂಚಿಕೊಳ್ಳುವ ಚೌಕಾಸಿಯಲ್ಲಿ ತಮ್ಮ ಪಾಲಿಗೆ ಹೆಚ್ಚು ಕೇಳಿದರು. ಗಿಡ್ಡ ಅವತಾರ ಸಿಕ್ಕಿದವರು ಅನ್ಯಾಯದ ಹಂಚಿಕೆಗೂ ತಲೆಯಾಡಿಸಿದರು. ವೇಷ ಮನಸ್ಸನ್ನು ಬದಲಿಸುತ್ತದೆ! ಯಕ್ಷಗಾನದ ಚೌಕಿಯಲ್ಲಿ ಕಿರೀಟ ಕಟ್ಟಿಕೊಂಡು ಏಳುವ ಕಲಾವಿದರನ್ನು ನೋಡಿದ ನಮ್ಮ ಊರಿನವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಹಾಗಾದರೆ ತನ್ನ ವೇಷವನ್ನು ತಾನೇ ಕಟ್ಟಲು ಬಾರದವನು ಬೇರೆ ಯಾರೋ ಇಟ್ಟ ರೂಪದಲ್ಲೇ ಉಳಿಯುತ್ತಾನೆ. ಅದರ ಮೈಬಣ್ಣ, ಮುಖಲಕ್ಷಣ ತನ್ನದಲ್ಲದಿದ್ದರೂ ಉಳಿಯುತ್ತಾನೆ.

ಕಣ್ಣು ಕಾಣದವರಿಗೆ ಜಾರುಪಟ್ಟಿಯ ಚಿತ್ರಪಾಠದಿಂದ ಏನು ಉಪಯೋಗ? 2009ರಲ್ಲಿ ಅಮೆರಿಕದ ನೆವಾಡಾ ವಿಶ್ವವಿದ್ಯಾಲಯದ ಈಲ್ಕೆ ಫಾಲ್ಮರ್ ಮತ್ತು ಸಂಗಡಿಗರು ಸೆಕೆಂಡ್ ಲೈಫನ್ನು ಬರಹದ ಆದೇಶಗಳಿಂದ ಬಳಸುವ ಒಂದು ತಂತ್ರಾಂಶ ಮಾಡಿದರು. ವರ್ಚುವಲ್ ಎಬಿಲಿಟಿ ಎಂಬ ಸಂಸ್ಥೆ ಅಂಗವಿಕಲರಿಗಾಗಿಯೇ ಬೇರೆ ಪರಿಚಯದ್ವೀಪ ಕಟ್ಟಿತು. ಮೊದಲ ಪರೀಕ್ಷೆಯ ಕುರ್ಚಿಯಲ್ಲಿ ಕೂರದವರಿಗಾಗಿ ಪಾಠವನ್ನು ಪುನಃ ಬರೆಯಬೇಕಾಯಿತು ಎಂದಾಯಿತು.

ಆ ಕುರ್ಚಿಯಲ್ಲಿ ಕೂರದ ಇನ್ನೊಂದು ಗುಂಪು ಭಾಷೆ ಬೇರೆಯಾದವರದು. ಇಲ್ಲಿ ನಮ್ಮ ಮಾತು ಬರುತ್ತದೆ.

ಕೇರಳದ ಶಾಲೆಗಳಿಗೆ ಐಟಿ ಅಟ್ ಸ್ಕೂಲ್ ಯೋಜನೆ 2001ರಲ್ಲಿ ಬಂತು, 2017ರಲ್ಲಿ ಅದು ಕೈಟ್ ಆಯಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೂ ಗಣಕದ ಪಾಠ ಕನ್ನಡದಲ್ಲಿ ಸಿಗುತ್ತದೆ. ಇದು ಸಣ್ಣ ಸಂಗತಿಯಲ್ಲ. ಆದರೆ ಒಂದು ಮಗುವಿನ ಸ್ಥಿತಿಯನ್ನು ಕಲ್ಪಿಸಿಕೊಳ್ಳಿ. ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ, ಪುಸ್ತಕದಲ್ಲಿ ಕನ್ನಡ, ಪರದೆಯ ಮೇಲೆ ಇಂಗ್ಲಿಷು. ಪುಸ್ತಕ 'ಕಡತವನ್ನು ತೆರೆಯಿರಿ' ಎನ್ನುತ್ತದೆ, ಪರದೆಯಲ್ಲಿ ಕಡತ ಎಂಬ ಪದ ಎಲ್ಲಿಯೂ ಇಲ್ಲ. ಮಗು ಹುಡುಕುತ್ತದೆ, ಸುಮ್ಮನಾಗುತ್ತದೆ. ಇದು ಮೇಲೆ ಹೇಳಿದ ಮೂರನೆಯ ಬಗೆಯ ಎಡವು. ಕಡತ ಎಂಬುದು ಕೆಟ್ಟ ಪದವಲ್ಲ. ಪರದೆಯೂ ಕನ್ನಡದಲ್ಲಿದ್ದರೆ ಅದೇ ಸರಿಯಾದ ಪದ. ಪರದೆ ಇಂಗ್ಲಿಷಿನಲ್ಲಿದ್ದರೆ ಪಾಠದಲ್ಲಿ ಫೈಲ್ ಎಂದು ಬರೆದು, ಪರದೆಯ ಎಡ ಮೂಲೆಯ ಚಿತ್ರವನ್ನೂ ಕೊಡಬೇಕಾಗುತ್ತದೆ. ಯಾವುದು ಸರಿ ಎಂದು ಸಮಿತಿಯಲ್ಲಿ ವಾದಿಸಬೇಕಾಗಿಲ್ಲ. ಐದು ಮಕ್ಕಳನ್ನು ಕೂರಿಸಿ ನೋಡಿದರೆ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ.

ಮಕ್ಕಳು ಅಪರಿಚಿತರ ಎದುರು ಗಟ್ಟಿಯಾಗಿ ಯೋಚಿಸುವುದಿಲ್ಲ. ಅದಕ್ಕೂ ಉಪಾಯವಿದೆ. ಜಪಾನಿನ ನಯೋಮಿ ಮಿಯಾಕೆ ಎಂಬ ಸಂಶೋಧಕಿ ಹೊಲಿಗೆ ಯಂತ್ರ ಹೇಗೆ ಹೊಲಿಗೆ ಹಾಕುತ್ತದೆ ಎಂಬುದನ್ನು ಇಬ್ಬಿಬ್ಬರನ್ನು ಜೊತೆಯಾಗಿ ಕೂರಿಸಿ ಬಿಡಿಸಲು ಕೊಟ್ಟರು. 1986ರಲ್ಲಿ ಪ್ರಕಟವಾದ ಅಧ್ಯಯನವದು. ಜೊತೆಗಾರನಿಗೆ ವಿವರಿಸುವಾಗ ಮನಸ್ಸಿನೊಳಗಿನದು ತಾನಾಗಿ ಹೊರಬರುತ್ತದೆ. ನಮ್ಮ ಮಕ್ಕಳು ಹೇಗೂ ಒಂದು ಗಣಕಕ್ಕೆ ಇಬ್ಬರು ಮೂವರು ಕೂರುವವರು. ಅವರ ಗುಸುಗುಸುವನ್ನು ಗಲಾಟೆ ಎಂದು ಗದರಿಸುವ ಬದಲು ಕಿವಿಗೊಟ್ಟರೆ ಪಾಠದ ದೋಷಪಟ್ಟಿ ಸಿಕ್ಕಿಬಿಡುತ್ತದೆ. ತುಳುವಿನಲ್ಲಿ ಗುಸುಗುಟ್ಟಿದರೆ ತುಳುವಿನಲ್ಲೇ ಬರೆದುಕೊಳ್ಳಿ. ಎಲ್ಲಿ ಭಾಷೆ ಬದಲಿಸಿದರೋ ಅಲ್ಲೇ ಪಾಠದ ಕನ್ನಡ ಗಟ್ಟಿಯಾಯಿತು ಎಂದರ್ಥ.

ಶಾಲೆಯಲ್ಲಿ ಇದನ್ನು ಮಾಡಲು ಹಣ ಬೇಡ. ಅವತಾರವೂ ಬೇಕೆಂದಿಲ್ಲ, ಗಣಕದಲ್ಲಿ ಒಂದು ಗೊಂಬೆ ಬಿಡಿಸಿ ಬಣ್ಣ ಹಚ್ಚುವ ಪಾಠವಾದರೂ ಸಾಕು. ಮೂರು ಜೋಡಿ ಮಕ್ಕಳು, ಮೂರು ಕೆಲಸ, ಒಂದು ಕಾಗದ. ಕಾಗದದಲ್ಲಿ ಮಗುವಿನ ಹೆಸರು ಬೇಡ, ಅಂಕ ಬೇಡ. ಪಾಠದ ಎಷ್ಟನೆಯ ಸಾಲಿನಲ್ಲಿ ನಿಂತರು, ಏನು ಹೇಳಿದರು ಎಂದಷ್ಟೇ ಬರೆಯಿರಿ. ಬುದ್ಧಿವಂತರನ್ನು ಮಾತ್ರ ಕರೆಯಬೇಡಿ, ಅವರು ಕೆಟ್ಟ ಪಾಠದಿಂದಲೂ ಕಲಿಯುತ್ತಾರೆ. ಹಿಂದಿನ ಬೆಂಚಿನವರನ್ನು ಕರೆಯಿರಿ. ಮೂರೂ ಜೋಡಿ ಒಂದೇ ಸಾಲಿನಲ್ಲಿ ನಿಂತರೆ ಆ ಸಾಲನ್ನು ತಿದ್ದಿ, ಮುಂದಿನ ವಾರ ಬೇರೆ ಮೂರು ಜೋಡಿಗೆ ಕೊಡಿ. ಒಂದು ವರ್ಷ ಹೀಗೆ ಕೂಡಿಟ್ಟ ಕಾಗದಗಳಿದ್ದರೆ ಪಠ್ಯಪುಸ್ತಕ ಪರಿಷ್ಕರಣೆಯ ಸಭೆಗೆ ಹೋಗುವಾಗ 'ನಮ್ಮ ಮಕ್ಕಳಿಗೆ ಕಷ್ಟವಾಗುತ್ತದೆ' ಎಂಬ ಗೊಣಗಾಟದ ಬದಲು, ಇಂಥ ಪುಟದ ಇಂಥ ಸಾಲು ಎಂದು ತೋರಿಸಬಹುದು.

ಗಡಿಯಾಚೆಯ ಕನ್ನಡ ಮಕ್ಕಳು ಬಹಳ ಹಿಂದಿನಿಂದ ಒಂದು ಮಾತು ಕೇಳುತ್ತಾ ಬೆಳೆದಿದ್ದಾರೆ: ಕನ್ನಡ ಮಾಧ್ಯಮದವರು ಸ್ವಲ್ಪ ಹಿಂದೆ. ಯಾರನ್ನು ಮನಸ್ಸಿನಲ್ಲಿಟ್ಟು ಆ ಪಾಠ ಬರೆದಿದ್ದರು, ಯಾರ ಮೇಲೆ ಪರೀಕ್ಷಿಸಿದ್ದರು ಎಂದು ಕೇಳುವವರು ಕಡಿಮೆ. ಪೆಟ್ಟಿಗೆ ತೊಟ್ಟು ಸಂತೆಯಲ್ಲಿ ನಿಂತವರು ದಡ್ಡರಾಗಿರಲಿಲ್ಲ. ಪೆಟ್ಟಿಗೆ ತೆರೆಯುವುದನ್ನು ಅವರಿಗೆ ಅರ್ಥವಾಗುವಂತೆ ಯಾರೂ ಹೇಳಿರಲಿಲ್ಲ, ಅಷ್ಟೆ.

ನಿಮ್ಮ ಶಾಲೆಯಲ್ಲಿ ಮಕ್ಕಳು ಯಾವ ಪಾಠದ ಯಾವ ಸಾಲಿನಲ್ಲಿ ನಿಲ್ಲುತ್ತಾರೆ? ಹೊಸೂರಿನವರು, ತಾಳವಾಡಿಯವರು, ಅಕ್ಕಲಕೋಟೆ, ಜತ್ತ, ಮಡಕಶಿರದ ಕಡೆಯವರು ಎಲ್ಲರೂ ಬರೆಯಿರಿ. ಕೂಡಿ ಒಂದು ಪಟ್ಟಿ ಮಾಡೋಣ.